ಎಲೆಕ್ಟ್ರಿಕಲ್ ಡಿಪ್ಲೊಮಾ ಗೆಳೆಯರ ಗುಂಪು: ಐದು ಸೂತ್ರದ ಜಗಳ

ಪ್ರಭು: ⚡ಫಾರ್ವರ್ಡ್ ಆಗಿ ಬಂದದ್ದು⚡ ನೆಲದಡಿಯ ಹೈ ವೋಲ್ಟೇಜ್ ಕೇಬಲ್ ಕೆಲಸಗಾರರಿಗೆ ಜೀವ ಉಳಿಸುವ 5 ಸೂತ್ರ! ರಬ್ಬರ್ ಗ್ಲೌಸ್ ಹಾಕಿ. ಬೂಟು ಹಾಕಿ. ಹೆಲ್ಮೆಟ್ ಹಾಕಿ. ಟೆಸ್ಟರ್ ಹಿಡಿದು ನೋಡಿ. ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ, ಮರೆಯಬೇಡಿ. ಎಲ್ಲರಿಗೂ ಕಳಿಸಿ 🙏

ಪ್ರಭು: ನಿನ್ನೆ ನಮ್ಮ ರಸ್ತೆಯಲ್ಲಿ ಗುಂಡಿ ತೆಗೆದು 11 ಕೆವಿ (11,000 ವೋಲ್ಟ್) ಕೇಬಲ್ ಜಾಯಿಂಟ್ ಮಾಡುತ್ತಿದ್ದರು. ಹುಡುಗರ ಕಾಲಲ್ಲಿ ಹವಾಯಿ ಚಪ್ಪಲಿ, ಬರಿಗೈ. ಎಷ್ಟು ಹೇಳಿದರೂ ಇವರಿಗೆ ಬುದ್ಧಿ ಬರುವುದಿಲ್ಲ.

ಮಂಜ: ನಾನು ಕಂಟ್ರಾಕ್ಟರ್ ಆಗಿ ಹೇಳುತ್ತೇನೆ, ಗ್ಲೌಸ್ ಕೊಡುತ್ತೇವೆ ಗುರು. ಹತ್ತು ನಿಮಿಷಕ್ಕೆ ತೆಗೆದು ಪಕ್ಕಕ್ಕಿಡುತ್ತಾರೆ.

ಸೀನ: ತೆಗೆಯದೆ ಇನ್ನೇನು ಮಾಡುತ್ತಾರೆ? ಜಾಯಿಂಟ್ ಅಂದರೆ ಕೇಬಲ್ಲಿನ ಸೆಮಿಕಾನ್ ಪದರವನ್ನು (ಇನ್ಸುಲೇಶನ್ ಮೇಲಿನ ತೆಳು ಕಪ್ಪು ಪದರ) ಒಳಗಿನ ಇನ್ಸುಲೇಶನ್‌ಗೆ ಗೀರು ಬೀಳದ ಹಾಗೆ ಸುಲಿಯಬೇಕು. ಎರಡು ತುದಿ ಸೇರಿಸುವ ಫೆರೂಲ್ ಒತ್ತಬೇಕು, ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಕೂರಿಸಬೇಕು. 11 ಕೆವಿಗೆ ಕ್ಲಾಸ್ 2 ಗ್ಲೌಸ್ ಬೇಕು, ಅದು 17,000 ವೋಲ್ಟ್‌ವರೆಗೆ. ಮೇಲೆ ಚರ್ಮದ್ದು ಬೇರೆ. ಅದನ್ನು ಹಾಕಿಕೊಂಡು ಆ ಕೆಲಸ ಮಾಡಿ ತೋರಿಸು ನೋಡೋಣ. ಅಂದಹಾಗೆ ನೀನು ಕೊಡುವುದು ಯಾವ ಕ್ಲಾಸು?

ಮಂಜ: ಅಂಗಡಿಯವನು ಕರೆಂಟಿನ ಗ್ಲೌಸ್ ಅಂತ ಕೊಟ್ಟ.

ಸೀನ: ಕಫ್ ಹತ್ತಿರ ಮುದ್ರೆ ಇರುತ್ತದೆ, ಓದು. ಕ್ಲಾಸ್ 0 ಇದ್ದರೆ ಅದು 1,000 ವೋಲ್ಟ್‌ಗೆ ಮಾತ್ರ.

ಪ್ರಭು: ಹಾಗಾದರೆ ಗ್ಲೌಸ್ ಬೇಡ ಅನ್ನುತ್ತೀಯಾ? ಮೂವತ್ತು ವರ್ಷ ಕೇಬಲ್ ಸೆಕ್ಷನ್‌ನಲ್ಲಿ ಇದ್ದವನು ಹೇಳುವ ಮಾತಾ ಇದು?

ಸೀನ: ಬೇಡ ಅಂದೆನಾ? ಸ್ವಿಚಿಂಗ್ ಮಾಡುವಾಗ, ಅರ್ಥಿಂಗ್ ಹಾಕುವಾಗ (ಕೇಬಲ್ಲನ್ನು ನೆಲಕ್ಕೆ ಜೋಡಿಸುವಾಗ) ಬೇಕೇ ಬೇಕು. ಹಾಕುವ ಮೊದಲು ಗಾಳಿ ತುಂಬಿಸಿ ಸುರುಳಿ ಸುತ್ತಿ ತೂತು ಇದೆಯಾ ನೋಡಬೇಕು. ಆದರೆ ಗುಂಡಿಯಲ್ಲಿ ಕೂತವನ ಜೀವ ಗ್ಲೌಸ್ ಮೇಲೆ ನಿಂತಿದ್ದರೆ ಮೇಲಿನವರು ಆಗಲೇ ತಪ್ಪು ಮಾಡಿದ್ದಾರೆ ಅಂತ ಅರ್ಥ. ಆ ಕೇಬಲ್ ಸತ್ತಿರಬೇಕು, ಅಂದರೆ ಅದರಲ್ಲಿ ಕರೆಂಟೇ ಇರಬಾರದು. ಎರಡೂ ತುದಿಯಲ್ಲಿ ಆಫ್, ಬೀಗ, ಬೋರ್ಡ್, ಅರ್ಥ್. ಆಮೇಲೆ ಲೈನ್ ಕ್ಲಿಯರ್ (ಎಲ್‌ಸಿ), ಅಂದರೆ ‘ಆಫ್ ಆಗಿದೆ, ಕೆಲಸ ಮಾಡಬಹುದು’ ಅನ್ನುವ ಕಾಗದ ಕೈಗೆ. ನಿನ್ನ ಐದು ಸೂತ್ರದಲ್ಲಿ ಇದು ಒಂದಾದರೂ ಇದೆಯಾ?

ಪ್ರಭು: ನಾಲ್ಕನೆಯದು ಇದೆಯಲ್ಲ, ಟೆಸ್ಟರ್.

ಸೀನ: ಅದೇ ಎಲ್ಲಕ್ಕಿಂತ ಅಪಾಯದ ಸಾಲು. 11 ಕೆವಿ ಕೇಬಲ್ಲಿಗೆ ಒಳಗೆ ತಾಮ್ರದ ಸ್ಕ್ರೀನ್ ಇರುತ್ತದೆ, ಅದು ಅರ್ಥ್ ಆಗಿರುತ್ತದೆ. ಟೆಸ್ಟರ್ ಗುರುತಿಸುವ ಎಲೆಕ್ಟ್ರಿಕ್ ಫೀಲ್ಡ್ ಅದರಾಚೆ ಬರುವುದಿಲ್ಲ. ಲೈವ್ ಇರುವ ಕೇಬಲ್ ಮೇಲೆ ಟೆಸ್ಟರ್ ಇಟ್ಟರೂ ಕೂಗುವುದಿಲ್ಲ, ಮಿಂಚುವುದಿಲ್ಲ. ಹುಡುಗ ‘ಕರೆಂಟ್ ಇಲ್ಲ’ ಅಂದುಕೊಂಡು ಕತ್ತರಿ ಹಾಕುತ್ತಾನೆ.

ಲತಾ: ಇದನ್ನು ನಮ್ಮ ಫ್ಯಾಕ್ಟರಿ ಟ್ರೈನಿಂಗ್‌ನಲ್ಲಿ ಹಾಕಿಕೊಳ್ಳುತ್ತೇನೆ. ಹಾಗಾದರೆ ಗುಂಡಿಯಲ್ಲಿ ನಾಲ್ಕು ಕೇಬಲ್ ಇದ್ದರೆ ನಮ್ಮದು ಯಾವುದು ಅಂತ ಹೇಗೆ ಗುರುತಿಸುವುದು?

ಸೀನ: ಒಳ್ಳೆ ಪ್ರಶ್ನೆ. ಬಣ್ಣ ನೋಡಿಯಂತೂ ಅಲ್ಲ, ಹಳೇ ಡ್ರಾಯಿಂಗ್ ನಂಬಿಯೂ ಅಲ್ಲ. ಆಫ್ ಆದ ಕೇಬಲ್ಲಿನ ತುದಿಯಿಂದ ಸಿಗ್ನಲ್ ಕಳಿಸಿ, ಗುಂಡಿಯಲ್ಲಿ ಆ ಸಿಗ್ನಲ್ ಹಿಡಿಯುವ ಐಡೆಂಟಿಫೈಯರ್ ಇಟ್ಟು ಗುರುತಿಸಬೇಕು. ಅಷ್ಟಾದರೂ ನೇರ ಕತ್ತರಿಸಬಾರದು. ಮೊದಲು ಸ್ಪೈಕ್. ಅರ್ಥ್ ಮಾಡಿದ ಮೊಳೆಯನ್ನು ದೂರ ನಿಂತು ಕೇಬಲ್ಲಿಗೆ ಹೊಡೆಸುವ ಯಂತ್ರ ಇದೆ. ತಪ್ಪಿ ಲೈವ್ ಕೇಬಲ್ ಆಗಿದ್ದರೆ ಫೀಡರ್ (ಆ ಲೈನು) ತಾನೇ ಟ್ರಿಪ್ ಆಗುತ್ತದೆ, ಮನುಷ್ಯ ಉಳಿಯುತ್ತಾನೆ. ಯಂತ್ರ ದುಬಾರಿ ಅಂತ ಎಲ್ಲ ಕಡೆ ಇಟ್ಟಿರುವುದಿಲ್ಲ, ಅದು ಬೇರೆ ಕಥೆ.

ವೆಂಕಿ ಸ್ಯಾನ್‌ಹೋಸೆ: ಇಲ್ಲಿ ಅಮೆರಿಕದಲ್ಲಿ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ 1910.269 ಅಂತ ನಿಯಮ ಇದೆ. ಲೈವ್ ಕೇಬಲ್ ಇರುವ ಮ್ಯಾನ್‌ಹೋಲ್‌ನಲ್ಲಿ ಕೆಲಸ ನಡೆಯುವಾಗ ಫಸ್ಟ್ ಏಡ್ ಕಲಿತವನೊಬ್ಬ ಮೇಲೆ ಹತ್ತಿರದಲ್ಲೇ ಇರಬೇಕು. 4 ಅಡಿಗಿಂತ ಆಳ ಇದ್ದರೆ ಏಣಿ ಅಥವಾ ಹತ್ತಿಳಿಯುವ ಬೇರೆ ಸಾಧನ ಕಡ್ಡಾಯ. ಕೇಬಲ್ ಮೇಲೆ ಕಾಲಿಟ್ಟು ಇಳಿಯುವಂತಿಲ್ಲ. ನಮ್ಮಲ್ಲಿ ಇಂಥದ್ದೆಲ್ಲ ಯಾವಾಗ ಬರುತ್ತೋ!

ಲತಾ: ವೆಂಕಿ, ಕಾಗದದಲ್ಲಿ ನಾವೂ ಹಿಂದೆ ಇಲ್ಲ. ಡಿಪ್ಲೊಮಾದಲ್ಲಿ ಐಇ ರೂಲ್ಸ್ 1956 (ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸ್) ಬಾಯಿಪಾಠ ಮಾಡಿದ್ದು ಮರೆತೆಯಾ? 36ನೇ ರೂಲ್. ಕಂಡಕ್ಟರ್ ಮುಟ್ಟುವ ಮೊದಲು ಅರ್ಥ್ ಮಾಡಿ ಡಿಸ್ಚಾರ್ಜ್ ಮಾಡಬೇಕು, ಕೆಲಸ ನಡೆಯುವಾಗ ಯಾರೂ ಅಪ್ಪಿತಪ್ಪಿ ಚಾರ್ಜ್ ಮಾಡದ ಹಾಗೆ ನೋಡಿಕೊಳ್ಳಬೇಕು ಅಂತ. ಆಮೇಲೆ ಅದೇ 2010ರ ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ನಿಯಮಕ್ಕೆ ಬಂತು. 2023ರಲ್ಲಿ ನಿಯಮಾವಳಿ ಮತ್ತೆ ಹೊಸದಾಯಿತು. ಗ್ಲೌಸ್, ಬೂಟು ಅದರಲ್ಲಿ ಅರ್ಥಿಂಗ್ ಆದ ಮೇಲೆ ಬರುತ್ತವೆ. ಅದೂ ‘ಹಾಕಿಕೊಳ್ಳಲಿ’ ಅಂತಲ್ಲ, ‘ಒದಗಿಸಬೇಕು’ ಅಂತ.

ಮಂಜ: ಆಫ್ ಮಾಡಿದ ಮೇಲೆ ಡಿಸ್ಚಾರ್ಜ್ ಅಷ್ಟು ಮುಖ್ಯನಾ? ಸಣ್ಣ ತುಂಡು ಕೇಬಲ್‌ಗೂ?

ಸೀನ: ಕೇಬಲ್ ಅಂದರೇ ಕೆಪ್ಯಾಸಿಟರ್ ಮಾರಾಯ, ಆಫ್ ಮಾಡಿದ ಮೇಲೂ ಚಾರ್ಜ್ ಹಿಡಿದಿಟ್ಟಿರುತ್ತದೆ. ಉದ್ದ ಜಾಸ್ತಿ ಆದಷ್ಟೂ ಚಾರ್ಜ್ ಜಾಸ್ತಿ. ಡಿಸಿ ವೋಲ್ಟೇಜ್ ಕೊಟ್ಟು ಕೇಬಲ್ ಟೆಸ್ಟ್ ಮಾಡಿದ ಮೇಲಂತೂ ಕೇಳಲೇಬೇಡ. ರಾಡ್ ಹಿಡಿದು ಡಿಸ್ಚಾರ್ಜ್ ಮಾಡಿ, ಕೆಲಸ ಮುಗಿಯುವವರೆಗೂ ಅರ್ಥ್ ತೆಗೆಯದೆ ಹಾಗೇ ಇಟ್ಟಿರಬೇಕು.

ಪ್ರಭು: ಸರಿ, ನಿಯಮ ಇದೆ. ಪಾಲಿಸುವ ಶಿಸ್ತು ಹುಡುಗರಿಗೆ ಇಲ್ಲ. ಅದೇ ತಾನೇ ನಾನು ಹೇಳಿದ್ದು?

ಸೀನ: ಆ ತುದಿಯ ಆರ್‌ಎಂಯುಗೆ, ಅಂದರೆ ಕೇಬಲ್ ಆಫ್ ಮಾಡುವ ಸ್ವಿಚ್ ಪೆಟ್ಟಿಗೆಗೆ, ಬೀಗ ಹಾಕುವ ಅಧಿಕಾರ ಗುಂಡಿಯಲ್ಲಿ ಕೂತ ಹುಡುಗನಿಗೆ ಇದೆಯಾ? ಬೀಗದ ಕೀ ಅವನ ಜೇಬಿನಲ್ಲಿ ಇರುತ್ತದಾ? ಎಲ್‌ಸಿ ಯಾರ ಹೆಸರಲ್ಲಿ ಇದೆ ಅಂತಲೇ ಅವನಿಗೆ ಗೊತ್ತಿರುವುದಿಲ್ಲ. ಮೇಸ್ತ್ರಿ ಫೋನ್ ಕಿವಿಗಿಟ್ಟು ‘ಹೂಂ, ಆಫ್ ಆಯ್ತಂತೆ, ಇಳಿ’ ಅನ್ನುತ್ತಾನೆ. ಅವನು ಇಳಿಯುತ್ತಾನೆ. ಚಪ್ಪಲಿ ಫೋಟೋದಲ್ಲಿ ಕಾಣುತ್ತದೆ, ಆ ಫೋನ್ ಕರೆ ಕಾಣುವುದಿಲ್ಲ. ಅದಕ್ಕೇ ಈ ಫಾರ್ವರ್ಡ್‌ಗಳನ್ನು ಕಂಡರೆ ನನಗೆ ಉರಿಯುತ್ತದೆ. ಐದಕ್ಕೆ ಐದೂ ಕೆಲಸಗಾರನಿಗೆ ಹೇಳಿದ್ದು, ಎಲ್‌ಸಿ ಕೊಡುವವನಿಗೆ ಒಂದೂ ಇಲ್ಲ.

ವೆಂಕಿ ಸ್ಯಾನ್‌ಹೋಸೆ: 💯

ಪ್ರಭು: ನೀನು ಇಲಾಖೆಯಲ್ಲಿ ಇದ್ದವನು, ಎಲ್ಲ ದೊಡ್ಡದು ಮಾಡುತ್ತೀಯ. ಜನರಿಗೆ ಅರಿವು ಮೂಡಲಿ ಅಂತ ಹಾಕಿದೆ, ಅಷ್ಟೇ.

ಲತಾ: ಪ್ರಭು, ಬೇಜಾರಾಗಬೇಡ. ಆದರೆ ನಿನ್ನೆ ಇದೇ ಗುಂಪಿನಲ್ಲಿ ‘ಎರಡು ಗಂಟೆಯಿಂದ ಕರೆಂಟ್ ಇಲ್ಲ, ಈ ಸೋಮಾರಿಗಳಿಗೆ ಯಾರಾದರೂ ಫೋನ್ ಮಾಡಿ’ ಅಂತ ಬರೆದವನು ನೀನೇ ಅಲ್ವಾ? ಸೀನನ ನಂಬರಿಗೂ ಮಾಡಿದ್ದೆಯಂತೆ.

ಪ್ರಭು: ಮನೆಯಲ್ಲಿ ಅಮ್ಮನಿಗೆ ನೆಬ್ಯುಲೈಸರ್ ಹಾಕಬೇಕಿತ್ತು. ಜನರೇಟರ್ ಆನ್ ಆಯಿತು, ಬಚಾವ್.

ಸೀನ: ಅಮ್ಮ ಹೇಗಿದ್ದಾರೆ ಈಗ? ಜನರೇಟರ್ ಅಂದೆಯಲ್ಲ, ಅದನ್ನೂ ಕೇಳಿಬಿಡುತ್ತೇನೆ. ಲೈನಿಗೂ ಜನರೇಟರ್‌ಗೂ ನಡುವೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಸರಿ ಇದೆಯಾ ಒಮ್ಮೆ ನೋಡಿಸು. ಇಲ್ಲದಿದ್ದರೆ ನಿಮ್ಮ 415 ವೋಲ್ಟ್ ಟ್ರಾನ್ಸ್‌ಫಾರ್ಮರ್‌ಗೆ ಹಿಂದಿನಿಂದ ಹೋಗಿ ಆ ಕಡೆ 11,000 ಆಗಿ ಹೊರಗೆ ಬರುತ್ತದೆ. ನಾವು ಆಫ್ ಮಾಡಿದ ಕೇಬಲ್ ನಿಮ್ಮ ಮನೆಯಿಂದ ಲೈವ್ ಆಗುತ್ತದೆ. ಎರಡೂ ತುದಿಗೆ ಅರ್ಥ್ ಯಾಕೆ ಅಂತ ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉದಾಹರಣೆ ಇದು.

ಪ್ರಭು: ಅಮ್ಮ ಆರಾಮ. ಸ್ವಿಚ್ ವಿಷಯ ಅಸೋಸಿಯೇಶನ್‌ನವರನ್ನು ಕೇಳುತ್ತೇನೆ.

ಮಂಜ: ಗ್ಲೌಸ್ ನೋಡಿದೆ ಸೀನ. ಮುದ್ರೆಯೇ ಇಲ್ಲ.

ಸೀನ: ಕತ್ತರಿಸಿ ಬಿಸಾಕು. ಇಟ್ಟುಕೊಂಡರೆ ಯಾರಾದರೂ ಹಾಕಿಕೊಳ್ಳುತ್ತಾರೆ.

ಮಂಜ: ಆಯ್ತು. ನಾಳೆ 10 ಗಂಟೆಗೆ ಒಂದು ಜಾಯಿಂಟ್ ಇದೆ. ಎಲ್‌ಸಿ ಕಾಗದ ಕಣ್ಣಲ್ಲಿ ನೋಡದೆ ಹುಡುಗರನ್ನು ಇಳಿಸುವುದಿಲ್ಲ. ಆ ತುದಿಗೆ ನಮ್ಮವನೊಬ್ಬನನ್ನು ಕಳಿಸಿ ಬೀಗದ ಫೋಟೋ ತರಿಸುತ್ತೇನೆ.

ಸೀನ: ಫೋಟೋ ಸಾಲದು. ಕೀ ತರಿಸು.

ಪ್ರಭು: ನಾಳೆ 10ಕ್ಕಾ? ಯಾವ ಏರಿಯಾ? ಎಷ್ಟು ಹೊತ್ತು ಕರೆಂಟ್ ಹೋಗುತ್ತದೆ?

ಮಂಜ: ನಿಮ್ಮದೇ ಲೇಔಟ್. ಮುಗಿದ ಮೇಲೆ ಬರುತ್ತದೆ.