ತಮ್ಮನಿಗೆ ಹಣ್ಣು ಯಾವುದು, ಕಾಯಿ ಯಾವುದು ಗೊತ್ತಾಗಲ್ಲ. ಅಮ್ಮನ ತಪ್ಪಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಸೋಮವಾರಪೇಟೆ ಹತ್ತಿರ ನಮ್ಮ ತೋಟ. ನಾನು ಬಿಕಾಂ ಓದುತ್ತಿದ್ದೇನೆ, ವಿಜ್ಞಾನ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಈ ಸಲ ಅರೇಬಿಕಾ ಕಾಫಿ ಕುಯ್ಲಿಗೆ ತಮ್ಮನೂ ಬಂದಿದ್ದ. ಅವನ ಚೀಲ ಸುರಿದರೆ ಅರ್ಧಕ್ಕರ್ಧ ಹಸಿರು ಕಾಯಿ! ಕಣ್ಣು ತೋರಿಸಿದಾಗ ಬಣ್ಣಗುರುಡು ಅಂದರು. ಅಮ್ಮನ ಅಪ್ಪನಿಗೂ ಹೀಗೇ ಇತ್ತಂತೆ. "ನಿನ್ನ ತವರಿಂದಲೇ ಬಂದದ್ದು" ಅಂತ ನಮ್ಮ ಅಜ್ಜಿ ಈಗ ಅಮ್ಮನನ್ನು ದಿನಾ ಚುಚ್ಚುತ್ತಾರೆ. ಅಮ್ಮನಿಗೆ ಬಣ್ಣ ಚೆನ್ನಾಗೇ ಕಾಣುತ್ತೆ. ಮತ್ತೆ ಹೇಗೆ ಬಂತು? ನನಗೂ ಇದೆಯಾ?

ಉತ್ತರ: ತವರಿಂದ ಬಂದದ್ದು ನಿಜ. ಆದರೆ ಅಮ್ಮನ ತಪ್ಪು ಚೂರೂ ಇಲ್ಲಮ್ಮ. ಇದನ್ನು ಅಜ್ಜಿಗೆ ಓದಿ ಹೇಳಿ.

ನಮ್ಮ ಜೀವಕೋಶದಲ್ಲಿ 23 ಜೊತೆ ಕ್ರೋಮೋಸೋಮ್ ಇವೆ, ಅಂದರೆ ಹೆತ್ತವರಿಂದ ಬರುವ ಗುಣಗಳನ್ನು ಹೊತ್ತ ಎಳೆಗಳು. ಪ್ರತಿ ಜೊತೆಯಲ್ಲೂ ಒಂದು ಅಪ್ಪನದು, ಒಂದು ಅಮ್ಮನದು. ಕೊನೆಯ ಜೊತೆ ಹೆಂಗಸರಲ್ಲಿ ಎಕ್ಸ್-ಎಕ್ಸ್, ಗಂಡಸರಲ್ಲಿ ಎಕ್ಸ್-ವೈ. ಒಂದೊಂದು ಗುಣಕ್ಕೂ ಬೇಕಾದ ಸೂಚನೆ ಇರುವ ಎಳೆಯ ತುಂಡೇ ಜೀನ್. ಕೆಂಪು, ಹಸಿರು ಗುರುತಿಸುವ ಜೀನ್‌ಗಳು ಇರುವುದು ಈ ಎಕ್ಸ್‌ನಲ್ಲಿ. ನಿಮ್ಮ ಅಜ್ಜನ ಹತ್ತಿರ ಇದ್ದದ್ದೇ ಒಂದು ಎಕ್ಸ್, ಅದರಲ್ಲೂ ದೋಷ. ಮಗಳಿಗೆ ಕೊಡಲು ಬೇರೆ ಇರಲೇ ಇಲ್ಲ. ಅಮ್ಮನಿಗೆ ಅವರ ತಾಯಿ ಕೊಟ್ಟ ಎಕ್ಸ್ ಸರಿ ಇದೆ, ಅದೇ ಕೆಲಸ ನಡೆಸುತ್ತೆ. ಹಾಗಾಗಿ ಅವರಿಗೆ ಬಣ್ಣ ಕಾಣುತ್ತೆ. ಮಗನಿಗೆ ಎರಡರಲ್ಲಿ ಯಾವುದು ಹೋಗುತ್ತೆ ಅನ್ನೋದು ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ, ಯಾರ ಕೈಯಲ್ಲೂ ಇಲ್ಲ. ತಮ್ಮನಿಗೆ ಅಪ್ಪನಿಂದ ಸಿಕ್ಕಿದ್ದು ವೈ. ಕೊರತೆ ತುಂಬಲು ಅವನಲ್ಲಿ ಇನ್ನೊಂದು ಎಕ್ಸ್ ಇಲ್ಲ, ಅಷ್ಟೇ.

ನಿಮಗೆ ಅಪ್ಪನ ಎಕ್ಸ್ ಬಂದಿದೆ. ಅಪ್ಪನಿಗೆ ಬಣ್ಣ ಸರಿಯಾಗಿ ಕಂಡರೆ ನಿಮಗೂ ಕಾಣುತ್ತೆ. ಅಮ್ಮನ ಹಾಗೆ ನೀವೂ ಆ ಜೀನ್ ಹೊತ್ತಿರುವ ಸಾಧ್ಯತೆ ಮಾತ್ರ 50%.

ಇನ್ನೊಬ್ಬರ ಪ್ರಶ್ನೆ: ನನಗೂ ಇದೇ ತೊಂದರೆ ಸರ್. ಮಗನಿಗೆ ಬರುತ್ತಾ?

ಉತ್ತರ: ನಿಮ್ಮಿಂದ ಬರಲ್ಲ. ಮಗನಿಗೆ ನೀವು ಕೊಟ್ಟದ್ದು ವೈ. ಮಗಳಿದ್ದರೆ ಅವಳಿಗೆ ಆ ಜೀನ್ ಹೋಗಿಯೇ ಇರುತ್ತೆ.

ಮೊದಲ ಪ್ರಶ್ನೆಯವರು: ಓದಿ ಹೇಳಿದೆ ಡಾಕ್ಟ್ರೇ, ಅಜ್ಜಿ ಸುಮ್ನೆ ಕೇಳಿಸಿಕೊಂಡರು. ತಮ್ಮನಿಗೆ ಔಷಧಿ ಇದೆಯಾ? ಅಪ್ಪ ಅವನಿಗೆ ಕುಯ್ಲಿಗೆ ಬರಬೇಡ ಅಂದಿದ್ದಾರೆ.

ಉತ್ತರ: ಹುಟ್ಟಿನಿಂದ ಬಂದದ್ದನ್ನು ವಾಸಿ ಮಾಡುವ ಔಷಧಿ ಈಗ ಇಲ್ಲ. ಆದರೆ ಇದು ವಯಸ್ಸಾದಂತೆ ಜಾಸ್ತಿನೂ ಆಗಲ್ಲ. ಕುಯ್ಲು ಯಾಕೆ ಬಿಡಬೇಕು? ಬೆರಳಲ್ಲಿ ಒತ್ತಿ ನೋಡಲು ಹೇಳಿಕೊಡಿ. ಕಾಯಿ ಕಲ್ಲಿನ ಹಾಗಿರುತ್ತೆ. ಹಣ್ಣು ಹಿಸುಕಿದರೆ ಸಿಪ್ಪೆ ಬಿಟ್ಟು ಬೀಜ ಜಾರಿ ಬರುತ್ತೆ, ಬೆರಳು ಅಂಟಾಗುತ್ತೆ. ಮೊದಲ ಎರಡು ದಿನ ನೀವು ಪಕ್ಕದ ಗಿಡದಲ್ಲಿರಿ.