ಆಯಿ ವಯಸ್ಸು ತೊಂಬತ್ತೋ ನೂರೋ? ಲೆಕ್ಕ ಹಾಕೋಕೆ ಸಹಾಯ ಮಾಡಿ

ಹುಲಗಿ ಹುಡುಗಿ (ಕೊಪ್ಪಳ)

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, 2024ರ ಶ್ರಾವಣದಲ್ಲಿ ಹೋದಳು. ವರ್ಷದ ಪುಣ್ಯಸ್ಮರಣೆಗೆ ಸಮಾಧಿ ಕಟ್ಟೆಗೆ ಕಲ್ಲು ಕೂರಿಸಬೇಕು. ಕಲ್ಲಿನ ಮೇಲೆ ಏನು ಬರೆಸೋದು ಅನ್ನೋದೇ ಈಗ ಮನೆಯಲ್ಲಿ ಜಗಳ.

ಆಧಾರ್ ಕಾರ್ಡಿನಲ್ಲಿ 01-01-1940 ಅಂತ ಇದೆ. ಅಪ್ಪ, ಚಿಕ್ಕಪ್ಪಂದಿರು "ನೂರು ದಾಟಿತ್ತು, ಶತಾಯುಷಿ ಅಂತ ಹಾಕಿಸು" ಅಂತಾರೆ. ಮಣ್ಣಿನ ದಿನ ಫ್ಲೆಕ್ಸ್‌ನಲ್ಲೂ ಹಾಗೇ ಹಾಕಿಸಿದ್ದರು. ನನಗೆ ಎರಡೂ ಸುಳ್ಳು ಅನ್ನಿಸುತ್ತೆ. ಆಯಿ ಸೇರಿನ ಲೆಕ್ಕದಲ್ಲಿ ಒಂದು ಹಿಡಿ ಕಡಿಮೆ ಬಿದ್ದರೂ ಬಿಡುತ್ತಿರಲಿಲ್ಲ. ಅವಳ ಕಲ್ಲಿನ ಮೇಲೆ ತಪ್ಪು ಲೆಕ್ಕ ಹಾಕೋಕೆ ಮನಸ್ಸು ಬರಲ್ಲ.

ಅವಳ ಬಾಯಲ್ಲಿ ಕೇಳಿದ್ದು ಇಷ್ಟು. "ಮದುವ್ಯಾಗ ನನಗ ಸೀರಿ ಉಡಾಕ ಬರ್ತಿರಲಿಲ್ಲ." ಇನ್ನೊಂದು, "ರಜಾಕಾರರ ಗದ್ದಲದಾಗ ನಿಮ್ಮ ದೊಡ್ಡಪ್ಪನ್ನ ಬುಟ್ಟ್ಯಾಗ ಹಾಕ್ಕೊಂಡು ಹೊಳಿ ದಾಟಿದ್ವಿ." ದೊಡ್ಡಪ್ಪ ಅವಳ ಮೊದಲ ಮಗ. ಅವರ ಶಾಲೆ ಸರ್ಟಿಫಿಕೇಟಿನಲ್ಲಿ 01-06-1950. ಇದರಿಂದ ಏನಾದರೂ ಗೊತ್ತಾಗುತ್ತಾ?

ಫಸ್ಲಿ ತಾತ (ಸಿಂಧನೂರು)

ತಂಗಿ, ಮೊದಲು ಆ ಜೂನ್ 1 ಮರೆತುಬಿಡು. ಆಗಿನ ಮೇಷ್ಟ್ರು ಹುಡುಗನ್ನ ನೋಡಿ, ಅಂದಾಜಿನ ಮೇಲೆ ಒಂದು ವರ್ಷ ಬರೆದು, ಶಾಲೆ ಶುರುವಾಗೋ ತಾರೀಖು ಹಾಕುತ್ತಿದ್ದರು. ನಮ್ಮ ವಯಸ್ಸಿನ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ಆಧಾರಿನ ಜನವರಿ 1 ಅದರ ತಮ್ಮ.

ರಜಾಕಾರರ ಮಾತು ಗಟ್ಟಿ. ಆಗ ನಮ್ಮ ಭಾಗ ಹೈದರಾಬಾದ್ ನಿಜಾಮನ ಕೈಯಲ್ಲಿತ್ತು, ರಜಾಕಾರರು ಅವನ ಪರ ನಿಂತ ಖಾಸಗಿ ಪಡೆ. ನಮ್ಮ ಭಾಗದಲ್ಲಿ ಅವರ ಹಾವಳಿ ಜೋರಾಗಿದ್ದು 1947ರ ಕೊನೆಯಿಂದ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಶರಣಾದ. ಹೊಳೆ ದಾಟಿದ್ದು ಆ ಒಂದು ವರ್ಷದೊಳಗೇ ಇರಬೇಕು. ದೊಡ್ಡಪ್ಪ 1950ರಲ್ಲಿ ಹುಟ್ಟಿದ್ದರೆ ಬುಟ್ಟಿಯಲ್ಲಿ ಯಾರಿದ್ದರು?

ಎರಡು ಪ್ರಶ್ನೆ. ದಾಟಿದ್ದು ಹರಿಗೋಲಿನಲ್ಲೋ, ನಡೆದೋ? ನಿಮ್ಮ ಅಜ್ಜನ ಹೊಲದ ಹಳೇ ಕಾಗದ ಇದೆಯಾ? ಉರ್ದುವಿನಲ್ಲಿದ್ದರೆ ಹೆದರಬೇಡ. ಅದರಲ್ಲಿರೋದು ಫಸ್ಲಿ ವರ್ಷ, ಅಂದರೆ ನಿಜಾಮನ ಕಾಲದ ಕಂದಾಯದ ಲೆಕ್ಕದ ವರ್ಷ. 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತೆ. 1357 ಫಸ್ಲಿ ಅಂದರೆ 1947ರ ಅಕ್ಟೋಬರಿನಿಂದ 1948ರ ಸೆಪ್ಟೆಂಬರ್ ತನಕ.

ಹುಲಗಿ ಹುಡುಗಿ

ತಾತ, ನಡೆದೇ! "ಮೊಣಕಾಲ ಮಟ ನೀರು, ಉಸುಕು ಕಾಲು ಸುಡ್ತಿತ್ತು, ಬುಟ್ಟಿ ತಲಿ ಮ್ಯಾಲೆ" ಅಂತ ಪ್ರತಿ ಸಲ ಹೇಳುತ್ತಿದ್ದಳು. ಆ ವರ್ಷ ಹುಲಿಗೆಮ್ಮನ ಜಾತ್ರೆ ತಪ್ಪಿತು ಅನ್ನೋ ಸಂಕಟವೇ ಅವಳಿಗೆ ಜಾಸ್ತಿ. ಕಾಗದ ಮಾತ್ರ ಇಲ್ಲ, ಗೆದ್ದಲು ತಿಂದಿದೆ.

ಹೊಳೆ ಆಚೆಯವ (ಹೊಸಪೇಟೆ)

ಹಾಗಾದರೆ 1948ರ ಬೇಸಿಗೆ. ತುಂಗಭದ್ರಾ ಆಣೆಕಟ್ಟಿಗೆ 1945ರಲ್ಲೇ ಅಡಿಗಲ್ಲು ಬಿದ್ದಿದ್ದರೂ ನೀರು ನಿಂತಿದ್ದು 1953ರ ಹೊತ್ತಿಗೆ. ಅದಕ್ಕೆ ಮುಂಚೆ ಬಿಸಿಲಿಗೆ ಹೊಳೆ ತೆಳ್ಳಗಾಗುತ್ತಿತ್ತು. ಜಾತ್ರೆ ಬರೋದೂ ಬೇಸಿಗೆ ಕೊನೆಗೇ ಅಲ್ವಾ. ಮಳೆಗಾಲವಾಗಿದ್ದರೆ ಬುಟ್ಟಿ ತಲೆ ಮೇಲೆ ಇಟ್ಟು ನಡೆಯೋ ಮಾತೇ ಇಲ್ಲ.

ಈಚೆ ದಡ ಆಗ ಮದ್ರಾಸ್ ಪ್ರಾಂತ್ಯ. ನಿಜಾಮನ ಪೊಲೀಸರು ಇಲ್ಲಿಗೆ ಬರುವಂತಿರಲಿಲ್ಲ. ಮೊಗಲಾಯಿ (ನಿಜಾಮನ ಸೀಮೆ) ಕಡೆಯಿಂದ ಬಂದವರು ನಮ್ಮ ಹಳೇ ಮನೆಯ ಕಟ್ಟೆ ಮೇಲೆ ಮಲಗುತ್ತಿದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಆ ಮನೆಯೂ ಈಗಿಲ್ಲ. ಮುಳುಗಡೆಯಲ್ಲಿ ನಾರಾಯಣದೇವರಕೆರೆ ಹೋಯಿತು, ನಾವು ಮರಿಯಮ್ಮನಹಳ್ಳಿಗೆ ಎದ್ದು ಬಂದೆವು.

ಬುಟ್ಟಿಯಲ್ಲಿ ಹಿಡಿಸುವ ಕೂಸು ಅಂದರೆ ವರ್ಷದೊಳಗಿನದು. ಚೊಚ್ಚಲು ಹೆರುವಾಗ ಆಗಿನವರಿಗೆ ಹದಿನೈದು, ಹದಿನಾರು, ಹೆಚ್ಚಂದ್ರೆ ಹದಿನೇಳು. ನಿಮ್ಮ ಆಯಿ ಹುಟ್ಟಿದ್ದು 1930ರಿಂದ 1933ರ ನಡುವೆ. ಹೋದಾಗ 91ರಿಂದ 94.

ಮಿರ್ಚಿ ಮಂಡಕ್ಕಿ (ರಾಯಚೂರು)

ಅಕ್ಕ, ಸುಮ್ನೆ ಶತಾಯುಷಿ ಅಂತ ಹಾಕಿಸಿಬಿಡಿ. ಆರೆಂಟು ವರ್ಷಕ್ಕೆ ಯಾಕೆ ಅಪ್ಪ, ಚಿಕ್ಕಪ್ಪಂದಿರ ಜೊತೆ ಮುನಿಸು? ಕಲ್ಲು ಯಾರು ಪರೀಕ್ಷೆ ಮಾಡ್ತಾರೆ?

ಹುಲಗಿ ಹುಡುಗಿ

ಮಂಡಕ್ಕಿ ಅಣ್ಣ, ಆಯಿ ಎಂಥವಳು ಅಂತ ಗೊತ್ತಿದ್ದರೆ ನೀವು ಹೀಗೆ ಹೇಳುತ್ತಿರಲಿಲ್ಲ.

ಅಜ್ಜ ಬೇಗ ಹೋದರು. ಐದು ಮಕ್ಕಳು, ಮಳೆ ನಂಬಿದ ಜೋಳದ ಹೊಲ. ಹಗೇವಿನ (ಕಾಳು ತುಂಬಿಡೋ ನೆಲದೊಳಗಿನ ಗುಂಡಿ) ಲೆಕ್ಕ ಪೂರ್ತಿ ಅವಳ ತಲೆಯಲ್ಲಿ. ಓದು ಬರಹ ಇಲ್ಲ. ಗೋಡೆಗೆ ಸುಣ್ಣದ ಗೆರೆ ಎಳೆಯುತ್ತಿದ್ದಳು, ಸೇರಿಗೊಂದು. 1972ರ ಬರದಲ್ಲಿ ಓಣಿಯವರು ಗುಳೆ ಹೊರಟಾಗ ಹಗೇವು ತೆಗೆಸಿದಳು. ದಾನ ಕೊಡಲಿಲ್ಲ, ಕಡ ಕೊಟ್ಟಳು. ಸೇರಿನ ಬಾಯಿಗೆ ಕೈ ಸವರಿ, ಮಟ್ಟ ಮಾಡಿ ಅಳೆದು ಕೊಟ್ಟಳು. ಸುಗ್ಗಿ ಬಂದ ಮೇಲೆ ಹಾಗೇ ಸವರಿ ವಾಪಸ್ ತೆಗೆದುಕೊಂಡಳು. ಬಡ್ಡಿಗೆ ಅಂತ ಒಬ್ಬರು ಗೋಪುರ ಕಟ್ಟಿ ತುಂಬಿ ತಂದರೆ, ಮೇಲಿನ ಜೋಳ ಅವರ ಉಡಿಗೇ ಸುರಿದಳಂತೆ. ಇದನ್ನು ನನಗೆ ಹೇಳಿದ್ದು ಆಯಿ ಅಲ್ಲ, ಆ ಮನೆಯ ಸೊಸೆ. ಮಣ್ಣಿಗೆ ಬಂದಿದ್ದರು.

ಜಿಪುಣಿ ಅಂತ ಅವ್ವ ಗೊಣಗುತ್ತಿದ್ದಳು, ಅದೂ ನಿಜ. ಗುರೆಳ್ಳು ಚಟ್ನಿ ಡಬ್ಬಿಗೂ ಬೀಗ. ಕೀಲಿಗೊಂಚಲು ಇಳಕಲ್ ಸೀರೆಯ ಸೊಂಟದಲ್ಲಿ. ಕಾಲುವೆ ನೀರು ಬಂದು ಗಂಗಾವತಿ ಕಡೆಯೆಲ್ಲ ಭತ್ತ ಆಯಿತು, ನಮ್ಮ ಮನೆಯಲ್ಲೂ ದಿನಾ ಅನ್ನ ಶುರುವಾಯಿತು. ಅವಳಿಗೆ ಮಾತ್ರ ಅದು ಜ್ವರ ಬಂದವರ ಊಟ. ಹಲ್ಲು ಹೋದ ಮೇಲೂ ರೊಟ್ಟಿಯೇ. ಪುಂಡಿಪಲ್ಯದ ರಸದಲ್ಲಿ ನೆನೆಸಿ ತಿನ್ನುತ್ತಿದ್ದಳು. ಸೊಸೆಯಂದಿರು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡೋಳು, ಎಲ್ಲಿ ದಪ್ಪ ಇದೆ ಅಂತ. ನನ್ನ ರೊಟ್ಟಿ ಒಂದೂ ಪಾಸಾಗಲಿಲ್ಲ.

ಫಸ್ಲಿ ತಾತ

ಭಲೇ. ಹಾಗಿದ್ದರೆ ಕಲ್ಲಿನ ಮೇಲೆ ಹುಟ್ಟಿದ ಇಸವಿ ಬೇಡ. ಹೋದ ತಿಥಿ ಖಾತ್ರಿ ಇದೆ, ಅದನ್ನು ಹಾಕಿಸು. ಕೆಳಗೆ "1948ರ ಬೇಸಿಗೆಯಲ್ಲಿ ಚೊಚ್ಚಲು ಮಗನನ್ನು ಹೊತ್ತು ಹೊಳೆ ದಾಟಿದವಳು" ಅಂತ ಒಂದು ಸಾಲು. ಜಗಳ ಆಡೋಕೆ ಯಾರಿಗೂ ಜಾಗ ಇರಲ್ಲ.

ಹುಲಗಿ ಹುಡುಗಿ

ತಾತ, ರಾತ್ರಿ ಊಟಕ್ಕೆ ಕೂತಾಗ ಈ ಸಾಲು ಓದಿ ಹೇಳಿದೆ. ಅಪ್ಪ ಒಪ್ಪಿದರು. ಚಿಕ್ಕಪ್ಪಂದಿರು ಸ್ವಲ್ಪ ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. ಈಗ ಬೇಡ ಅಂತಿರೋದು ದೊಡ್ಡಪ್ಪ ಒಬ್ಬರೇ. ಅವರು 1950ರ ಲೆಕ್ಕದಲ್ಲಿ ಸರ್ಕಾರಿ ನೌಕರಿಯಿಂದ ರಿಟೈರ್ ಆದವರು. "ನಾ ಎರಡು ವರ್ಷ ಜಾಸ್ತಿ ನೌಕರಿ ಮಾಡೀನಿ ಅಂತ ಕಲ್ಲಿನ ಮ್ಯಾಲೆ ಬರಸ್ತೀಯೇನು? ಪೆನ್ಶನ್ನಿಗೆ ತ್ರಾಸ ಆದ್ರ?" ಅಂತ ಕೇಳ್ತಿದ್ದಾರೆ. ಆಗಲ್ಲ ಅಂತ ನಾನು ಹೇಳಿದರೆ ನಂಬಲ್ಲ. ನೀವೇ ಒಂದು ಮಾತು ಬರೆಯಿರಿ, ಅವರಿಗೆ ತೋರಿಸ್ತೀನಿ.