ಮುಂದಿನ ಸಂಖ್ಯೆ ಹೇಳ್ತಾಳೆ, ನಿಯಮ ಬರುವುದಿಲ್ಲ. ಹೇಗೆ ಹೇಳಿಕೊಡುವುದು?

ಮಣಿಪಾಲದಿಂದ ಪ್ರಶ್ನೆ:
ಮಗಳು ಏಳನೇ ಕ್ಲಾಸ್. 4, 7, 10, 13 ಕೊಟ್ಟರೆ 16 ಅಂತ ಥಟ್ಟನೆ ಹೇಳ್ತಾಳೆ. 50ನೇ ಪದ ಕೇಳಿದರೆ ಮೂರು ಮೂರು ಕೂಡಿಸ್ತಾ ಕೂರ್ತಾಳೆ. ನಿಯಮ ಬರೆ ಅಂದರೆ ‘ಎನ್ + 3’ (ಎನ್ ಅಂದರೆ ಸಾಲಿನಲ್ಲಿ ಎಷ್ಟನೇ ಪದ ಅನ್ನುವ ಸಂಖ್ಯೆ). ಗೊತ್ತಿದ್ದವರು ತಿಳಿಸಿ.

ಕದ್ರಿ, ಹೈಸ್ಕೂಲ್ ಗಣಿತ:
‘ಎನ್ + 3’ ಬರೆಯುವ ಮಕ್ಕಳೇ ಜಾಸ್ತಿ ಮಾರಾಯ್ರೆ. ಹಿಂದಿನ ಪದದಿಂದ ಮುಂದಿನದಕ್ಕೆ ಹೋಗುವುದು ಗೊತ್ತುಂಟು, ಸ್ಥಾನದಿಂದ ಪದಕ್ಕೆ ಹೋಗುವುದು ಗೊತ್ತಿಲ್ಲ. ಬೆಂಕಿಕಡ್ಡಿಯಲ್ಲಿ ಒಂದಕ್ಕೊಂದು ತಾಗಿದ ಚೌಕಗಳ ಸಾಲು ಮಾಡಿಸಿ. ಎಡತುದಿಯ ಒಂದು ಕಡ್ಡಿ ಬದಿಗಿಟ್ಟು ನೋಡಿದರೆ ಪ್ರತಿ ಚೌಕಕ್ಕೂ ಬೀಳುವುದು ಮೂರೇ ಕಡ್ಡಿ. ಹಾಗಾಗಿ 3ಎನ್ + 1, 50 ಚೌಕಕ್ಕೆ 151. ಕಡ್ಡಿ ಇಲ್ಲದ ಲೆಕ್ಕದಲ್ಲಿ ವ್ಯತ್ಯಾಸದಿಂದ ಎನ್ ಅನ್ನು ಗುಣಿಸಿ. ಮೊದಲ ಪದದಿಂದ ವ್ಯತ್ಯಾಸ ಕಳೆದು ಉಳಿದದ್ದನ್ನು ಕೂಡಿಸಿ. ತಾಳೆ ನೋಡುವಾಗ ಎನ್ = 1 ಮಾತ್ರ ಹಾಕಿ ಬಿಡಬೇಡಿ, ಅಲ್ಲಿ ‘ಎನ್ + 3’ ಕೂಡ 4 ಕೊಡ್ತದೆ! ನಾಲ್ಕನೇ ಪದಕ್ಕೆ ಹಾಕಿದರೆ 13ರ ಬದಲು 7 ಬಂದು ತಪ್ಪು ಸಿಕ್ಕಿಬೀಳ್ತದೆ.

ಸುರತ್ಕಲ್, ಟ್ಯೂಷನ್:
ಯಂತ್ರದ ಚಿತ್ರದ ಲೆಕ್ಕ ಬಂದಾಗ ಜಾಗ್ರತೆ. ಒಳಗೆ 2, 5, 9 ಹಾಕಿದರೆ ಹೊರಗೆ 7, 16, 28. ಮಕ್ಕಳು ಹೊರಗಿನದ್ದನ್ನೇ ಕಳೆದು 9, 12 ಅಂತ ಗಾಬರಿ ಬೀಳ್ತಾರೆ. ಒಳಗಿನ ವ್ಯತ್ಯಾಸವೂ 3, 4 ಅಲ್ವಾ? ಭಾಗಿಸಿದರೆ ಎರಡೂ ಕಡೆ 3. ಆಮೇಲೆ 7 − 3 × 2 = 1. ಮತ್ತೆ ಅದೇ ನಿಯಮ.
ವ್ಯತ್ಯಾಸ ಸಮ ಇಲ್ಲದಿದ್ದರೆ ವ್ಯತ್ಯಾಸಗಳ ವ್ಯತ್ಯಾಸ ತೆಗೆಸಿ. 2, 5, 10, 17ರಲ್ಲಿ 3, 5, 7, ಅದರ ಕೆಳಗೆ 2, 2. ಅದರರ್ಧ 1, ಅಂದರೆ ಒಂದು ಎನ್ ವರ್ಗ ಉಂಟು. 1, 4, 9, 16 ಕಳೆದರೆ ಎಲ್ಲ ಕಡೆ 1 ಉಳೀತದೆ. ಇನ್ನು ಮೂರೇ ಪದ ಕೊಟ್ಟು ಮುಂದಿನದು ಕೇಳುವ ಪ್ರಶ್ನೆಗೆ ನನ್ನ ವಿರೋಧ ಉಂಟು: 1, 2, 4 ಆದಮೇಲೆ ದುಪ್ಪಟ್ಟು ಮಾಡ್ತಾ ಹೋದರೆ 8 ಸರಿ, 1, 2, 3 ಅಂತ ಕೂಡಿಸ್ತಾ ಹೋದರೆ 7 ಕೂಡ ಸರಿ.

ಉಡುಪಿ, ರಥಬೀದಿ ಹತ್ತಿರದಿಂದ:
ಪರ್ಯಾಯದ, ಅಂದರೆ ಇಲ್ಲಿನ ಕೃಷ್ಣಮಠದ ಪೂಜೆಯ ಸರದಿಯ ವರ್ಷಗಳನ್ನೇ ಕೊಡಿ. ಎಂಟು ಮಠ, ತಲಾ ಎರಡು ವರ್ಷ, ಒಂದು ಮಠದ ಸರದಿ 16 ವರ್ಷಕ್ಕೊಮ್ಮೆ. ಪುತ್ತಿಗೆ ಮಠದ್ದು 1976, 1992, 2008, 2024. ನಿಯಮ 16ಎನ್ + 1960. 1976ನ್ನು ಮೊದಲನೆಯದು ಅಂತ ಹಿಡಿದರೆ 2040 ಎಷ್ಟನೆಯದು? ವ್ಯತ್ಯಾಸ 64, ಭಾಗಿಸು 16, ಉತ್ತರ 4 ಅಂತ ಬರೆದುಬಿಡ್ತಾರೆ. ನಾಲ್ಕು ಅಂದರೆ ನಡುವಿನ ಅಂತರಗಳು, ವರ್ಷ ಐದನೆಯದು. ಹತ್ತನೇ ಕ್ಲಾಸಿನ ಸಮಾಂತರ ಶ್ರೇಢಿ ಸೂತ್ರದಲ್ಲಿ ‘ಎನ್ − 1’ ಇರುವುದು ಇದಕ್ಕೇ.

ಮಣಿಪಾಲದಿಂದ:
ಕಡ್ಡಿ ಇವತ್ತೇ ತರ್ತೇನೆ. 20, 17, 14 ಹೀಗೆ ಇಳಿಯುವುದಾದರೆ?

ಕದ್ರಿ:
ಅದೇ ಕ್ರಮ. ವ್ಯತ್ಯಾಸ −3. ಮೊದಲ ಪದದಿಂದ −3 ಕಳೆದರೆ 23, ನಿಯಮ 23 − 3ಎನ್. ‘ಕಳೆಯುವುದು ತಾನೆ’ ಅಂತ 20ರಿಂದ 3 ತೆಗೆದು 17 − 3ಎನ್ ಬರೀತಾರೆ, ಆಗ ಮೊದಲ ಪದವೇ 14 ಆಗ್ತದೆ.